ಕ್ಯಾಲ್ಸಿಯಂ ಕೈ ಕೊಟ್ಟಾಗ

ಮೂಳೆ ಕೂಡುವ ತನಕ ಈ ಬಲಗೈ ಒಂದು ಚಮಚವನ್ನೂ ಎತ್ತುವುದಿಲ್ಲ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಭೀಷ್ಮ ಪ್ರತಿಜ್ಞೆ ಮಾಡಿದೆ. ನಾನು ಬಟ್ಟೆ ಹೊಲಿಯುವವಳು. ಮಣಿಕಟ್ಟು ಸೊಟ್ಟಗೆ ಕೂಡಿದರೆ ಕತ್ತರಿಯೂ ಸೊಟ್ಟ, ನನ್ನ ಅಂಗಡಿಗೆ ಬೀಗ.

ಮುರಿದದ್ದು ಹೇಗೆ ಅಂತೀರಾ? ಸ್ಟೂಲ್ ಹತ್ತಿ ಫ್ಯಾನ್ ಒರೆಸುತ್ತಿದ್ದೆ. "ಹಿಡ್ಕೊಂಡಿದ್ದೀರಾ?" ಅಂದೆ. "ಹಿಡ್ಕೊಂಡಿದ್ದೀನಿ ಕಣೇ" ಅಂದರು ನಮ್ಮನೆಯವರು. ಹಿಡಿದದ್ದು ಫೋನನ್ನು.

ಪಶ್ಚಾತ್ತಾಪ ಅವರನ್ನು ಮೆಡಿಕಲ್ ಶಾಪಿಗೆ ಅಟ್ಟಿತು. ಡಾಕ್ಟರಮ್ಮ ಬರೆದದ್ದು ಒಂದು ಕ್ಯಾಲ್ಸಿಯಂ ಮಾತ್ರೆ. ಇವರು ತಂದದ್ದು ಒಂದು ಚೀಲ. ವಿಟಮಿನ್ನು, ಸತು, ಪ್ರೋಟೀನ್ ಪುಡಿ, ಜೊತೆಗೆ ಫೋನು ಹೇಳಿದ ಇನ್ನೇನೇನೋ. ರಾತ್ರೋರಾತ್ರಿ ಮೂಳೆ ಪಂಡಿತರಾಗಿಬಿಟ್ಟರು.

"ಈ ಪುಡೀನ ಬಿಸಿ ಹಾಲಲ್ಲಿ ಕುಡೀಬೇಕು."

"ಹಾಲು ಕಾಯಿಸೋರು ಯಾರು?"

"ನಿಧಾನಕ್ಕೆ ಕಾಯಿಸ್ಕೋ, ಅವಸರ ಏನಿಲ್ಲ."

ಎಂಥ ಉದಾರಿ! ಹಾಲು ಕಾಯಿಸಿದೆ, ಮಿಕ್ಸಿ ತಿರುಗಿಸಿದೆ, ಮಿಕ್ಸಿ ತೊಳೆದೆ. "ನಿನ್ನ ಚಿಂತೇಲಿ ನಾನೂ ಸೊರಗಿದ್ದೀನಿ" ಅಂತ ಅವರಿಗೂ ಒಂದು ಲೋಟ. ಆ ಲೋಟ ತೊಳೆದವಳೂ ನಾನೇ. ಎಲ್ಲ ಎಡಗೈಯಲ್ಲಿ, ಪ್ರತಿಜ್ಞೆ ಬಲಗೈಯದ್ದು ತಾನೆ?

ಆ ಪ್ರತಿಜ್ಞೆಗೂ ಮುಳುವಾದದ್ದು ಹೊಸ ಕ್ಯಾಲ್ಸಿಯಂ ಪುಡಿಯ ಡಬ್ಬಿ. ಅದರ ಮುಚ್ಚಳ ಒತ್ತಿ ಹಿಡಿದು ತಿರುಗಿಸಬೇಕು. ಒಂದು ಮುರಿದ ಕೈಗೆ ಮದ್ದು ಬೇಕೆಂದರೆ ಎರಡು ಗಟ್ಟಿ ಕೈ ಬೇಕು! ಇವರ ಆಫೀಸಿಗೆ ಫೋನ್ ಮಾಡಿದೆ.

"ಮೊಣಕಾಲ ಸಂದೀಲಿ ಇಟ್ಕೊಂಡು ತಿರುಗಿಸು, ಮೀಟಿಂಗಲ್ಲಿದ್ದೀನಿ."

ಇಟ್ಟುಕೊಂಡೆ, ತಿರುಗಿಸಿದೆ. ಮುಚ್ಚಳ ನನ್ನ ಕೈಯಲ್ಲಿ, ಡಬ್ಬಿ ನೆಲದಲ್ಲಿ, ಪುಡಿ ಅಡುಗೆಮನೆ ತುಂಬಾ. ಒದ್ದೆ ಬಟ್ಟೆ ತಾಗಿದ್ದೇ ತಡ, ಅದು ಅಂಟಾಯಿತು. ಉಜ್ಜಿದೆ. ಎಡಗೈ ಸಾಲದೆ ಬಲಗೈ ಯಾವಾಗ ಬಂದು ಸೇರಿಕೊಂಡಿತೋ, ಪ್ಲಾಸ್ಟರ್ ನೆಂದು ಮೆತ್ತಗಾಗಿತ್ತು. ನಮ್ಮ ಮನೆಯಲ್ಲಿ ಕ್ಯಾಲ್ಸಿಯಂ ಹೀರಿ ಗಟ್ಟಿಯಾದದ್ದು ಅಡುಗೆಮನೆಯ ನೆಲ ಒಂದೇ.

ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಮೂಳೆ ಇನ್ನೂ ಕೂಡಿಲ್ಲ. ಹೀಗೇ ಆದ್ರೆ ಕತ್ತರಿ ಮರೆತುಬಿಡಿ."

ಇವರು ಮುಂದೆ ಬಾಗಿದರು. "ಇನ್ನೂ ಏನು ಕೊಡ್ಬೇಕು ಹೇಳಿ ಡಾಕ್ಟ್ರೇ, ಎಲ್ಲಿಂದಾದ್ರೂ ತರ್ತೀನಿ."

"ಕೈ ಕೊಡಿ."

"ಛೆ ಛೆ, ಕೈ ಕೊಡೋ ಗಂಡ ನಾನಲ್ಲ."

"ಅದೇ ತೊಂದರೆ," ಅಂದರು ಡಾಕ್ಟರಮ್ಮ. "ಪುಡಿ, ಮಾತ್ರೆ ಬರೀ ಪೂರಕ. ಪಾತ್ರೆ ನೀವು ತೊಳೀರಿ, ಅವರ ಮೂಳೆ ಕೂಡುತ್ತೆ."

ಅಂದು ಸಂಜೆ ಇವರು ಸಿಂಕಿನ ಮುಂದೆ ನಿಂತರು. ನಾನು ಮಹಾರಾಣಿಯ ಹಾಗೆ ಕುರ್ಚಿ ಎಳೆದು ಕೂತೆ. ತೊಳೆದ ಲೋಟದ ತಳದಲ್ಲಿ ಪುಡಿ ಇನ್ನೂ ಅಂಟಿತ್ತು. ಹಾಗೇ ಬೋರಲು ಹಾಕಿದರು. ತಡೆದುಕೊಂಡೆ. ಎರಡನೆಯ ಲೋಟವೂ ಹಾಗೇ. "ಅಯ್ಯೋ, ಕೊಡಿ ಇಲ್ಲಿ" ಅಂತ ಎದ್ದೇಬಿಟ್ಟೆ, ಹೊಸ ಪ್ಲಾಸ್ಟರಿನ ಕೈ ಚಾಚಿಕೊಂಡು.

ಅವರು ತಿರುಗಿಯೂ ನೋಡಲಿಲ್ಲ.

"ಕೂತ್ಕೋ. ಡಾಕ್ಟ್ರು ಕೇಳಿದ್ದು ನನ್ನ ಕೈ."