ಬಚ್ಚಲುಮನೆಯ ಕಪ್ಪುನೊಣಗಳು

ಇಡೀ ಗೋಕಾಕ ತಾಲೂಕಿನಲ್ಲಿ ಇದುವರೆಗೆ ಯಾರೂ ಸಾಕದ ಪ್ರಾಣಿಯನ್ನು ತಾನು ಸಾಕಿಯೇ ತೀರುವುದೆಂದು ಗುರುಪಾದ ನಿಶ್ಚಯಿಸಿದ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅವನಿಗೆ ಆಕಳು, ನಾಯಿ, ಗಿಳಿ ಇವೆಲ್ಲ ತೀರ ಸಾಧಾರಣ ಜೀವಿಗಳು. ಅವನು ಆರಿಸಿಕೊಂಡದ್ದು ಕಪ್ಪುನೊಣವನ್ನು. ಜೋಳದ ಕಾಳಿಗಿಂತ ಸಣ್ಣದು, ಬೆನ್ನು ಗೂನು. ಬೆಲ್ಲದ ಮೇಲೆ ಕೂರುವ ಮನೆನೊಣಕ್ಕೂ ಇದಕ್ಕೂ ಹೆಸರಿನಷ್ಟೇ ಸಂಬಂಧ. ಇದು ಹುಟ್ಟುವುದು ರಭಸದಿಂದ ಹರಿಯುವ ನೀರಿನಲ್ಲಿ. ಹೆಣ್ಣು ರಕ್ತ ಹೀರುತ್ತದೆ; ಗಂಡು ಪಾಪ, ಹೂವಿನ ರಸ ಕುಡಿದುಕೊಂಡು ತನ್ನ ಪಾಡಿಗೆ ತಾನಿರುತ್ತದೆ.

ಈ ಕೊನೆಯ ಸಂಗತಿಯನ್ನು ಅವನು ಹೆಂಡತಿ ಅನ್ನಪೂರ್ಣಾಳ ಮುಂದೆ ತುಸು ಒತ್ತಿ ಹೇಳಿದ.

"ಹಂಗಾದ್ರ ಗಂಡು ನೊಣಾ ಅಷ್ಟ ತರ್ರಿ. ಮನ್ಯಾಗ ಒಂದ ಐತಿ, ಜೋಡಿ ಆಗತೈತಿ," ಎಂದಳು ಅವಳು.

ಮುಂದಿನ ಭಾನುವಾರವೇ ಗುರುಪಾದ ಹಿಡಕಲ್ ಕಡೆಯ ಕಾಲುವೆಗೆ ಹೋದ. ನೀರು ಧುಮುಕುವ ಜಾಗದಲ್ಲಿ ಮರಿಹುಳುಗಳು ಅಂಟಿಕೊಂಡಿದ್ದ ಕಲ್ಲುಗಳನ್ನು ಆರಿಸಿ, ಹಾಲಿನ ಕ್ಯಾನಿಗೆ ತುಂಬಿಕೊಂಡು ಬಸ್ಸು ಹತ್ತಿದ. ಬಾಜೂ ಕೂತವರು ಹಾಲು ಎಮ್ಮೆಯದೋ ಆಕಳದೋ ಎಂದು ವಿಚಾರಿಸಿದರು. ಅವನು ಮುಚ್ಚಳ ತೆಗೆದು ತೋರಿಸಿದ. ಅಲ್ಲಿಂದ ಗೋಕಾಕದವರೆಗೆ ಇಡೀ ಸೀಟು ಅವನೊಬ್ಬನದೇ ಆಯಿತು.

ಹಿಂದಿನ ಬಚ್ಚಲುಮನೆಯಲ್ಲಿ ದೊಡ್ಡ ಟಬ್ಬು ಇಟ್ಟು, ನೀರು ಸದಾ ಹರಿಯುವಂತೆ ಒಂದು ಸಣ್ಣ ಮೋಟಾರು ಕೂಡಿಸಿ, ಮೇಲೆ ಸೊಳ್ಳೆಪರದೆ ಕಟ್ಟಿದ. ಹುಳುಗಳು ಬಾಲವನ್ನು ಕಲ್ಲಿಗೆ ಅಂಟಿಸಿಕೊಂಡು, ಬಾಯಿಯ ಬಳಿಯ ಎರಡು ಬೀಸಣಿಗೆ ಬಿಚ್ಚಿ, ನೀರಿನಲ್ಲಿ ತೇಲಿ ಬಂದದ್ದನ್ನೆಲ್ಲ ಸೋಸಿ ತಿನ್ನುತ್ತಿದ್ದವು. ಆಮೇಲೆ ಗೂಡು ಕಟ್ಟಿದವು. ಒಂದು ದಿನ ಗಾಳಿಯ ಗುಳ್ಳೆಯೊಳಗೆ ಕೂತು ಮೊದಲ ನೊಣ ನೀರಿನ ಮೇಲೆ ಬಂತು. ಮೈ ತೋಯಿಸಿಕೊಳ್ಳದೆ ಹಾರಿಹೋಗಿ ಪರದೆಗೆ ಕೂತಿತು. ಗುರುಪಾದನ ಕಣ್ಣು ಒದ್ದೆಯಾದವು.

ಅಂದಿನಿಂದ ಊಟದ ಹೊತ್ತಿಗೆಲ್ಲ ನೊಣಪುರಾಣ. ಥಂಡಿ ದೇಶಗಳಲ್ಲಿ ಜನ ಈ ನೊಣದ ಮೇಲೆ ಹಾಡು ಕಟ್ಟಿದ್ದಾರೆ, ಅಂಗಿಯ ಮೇಲೆ ಅದರ ಚಿತ್ರ ಹಾಕಿಕೊಂಡು ತಿರುಗುತ್ತಾರೆ. ಆಫ್ರಿಕಾದಲ್ಲಿ ಇದು ಹರಡುವ ಕುರುಡುರೋಗಕ್ಕೆ ಹೆದರಿ ಫಲವತ್ತಾದ ಹೊಳೆದಂಡೆಯನ್ನೇ ಬಿಟ್ಟು ಹೋದ ಊರುಗಳಿವೆ. ಅನ್ನಪೂರ್ಣಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆ ರೋಗ ನಮ್ಮ ಕಡೆ ಇಲ್ಲ, ಮೇಲಾಗಿ ಈ ನೊಣ ಮನೆಯೊಳಗೆ ಬಂದು ಕಚ್ಚುವುದಿಲ್ಲ, ಹಾಗೆಂದು ಪುಸ್ತಕದಲ್ಲಿದೆ ಎಂದು ಗುರುಪಾದ ಧೈರ್ಯ ಹೇಳಿದ.

ಅನ್ನಪೂರ್ಣಾಳಿಗೆ ಅದಕ್ಕಿಂತ ದೊಡ್ಡ ಚಿಂತೆ ಇತ್ತು. ಅವಳ ತಾಯಿ ದುಂಡವ್ವನಿಗೆ ಮೂರೂ ಮಕ್ಕಳ ಜೊತೆ ಕೂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆ. ಆದರೆ ಮೂಡಲಗಿಯ ಮಗ ಶಿದ್ರಾಮನಿಗೂ ಹುಕ್ಕೇರಿಯ ಕಿರಿಮಗಳು ಗೌರವ್ವನಿಗೂ ಮಾತಿಲ್ಲ. ಗೌರವ್ವನ ಮನೆಯ ಮದುವೆಯಲ್ಲಿ ಮೊದಲ ಪಂಕ್ತಿಗೆ ತನ್ನನ್ನು ಕರೆಯಲಿಲ್ಲವೆಂದು ಶಿದ್ರಾಮ ಉಣ್ಣದೆ ಎದ್ದು ಬಂದಿದ್ದ. ಅಂದಿನಿಂದ ಒಬ್ಬರಿದ್ದಲ್ಲಿ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ಅನ್ನಪೂರ್ಣಾ ಅತ್ತು, ಬೈದು, ಫೋನಿನ ಮೇಲೆ ಫೋನು ಮಾಡಿ, ಅಂತೂ ಇಬ್ಬರನ್ನೂ ತನ್ನ ಮನೆಗೆ ಬರಲು ಒಪ್ಪಿಸಿದ್ದಳು.

ಶಿದ್ರಾಮ ತಾಯಿಯನ್ನು ಕರೆದುಕೊಂಡು ಬಂದ, ಗೌರವ್ವನೂ ಬಂದಳು. ಬಂದು, ತಾಯಿಯನ್ನು ನಡುವೆ ಕೂಡಿಸಿಕೊಂಡು ಮಾತಾಡಿದರು. "ಯವ್ವಾ, ನೀರಿನ ತಂಬಗಿ ಈ ಕಡಿ ಸರಸಾಕ ಹೇಳು," ಎಂದು ಶಿದ್ರಾಮ. ತಂಬಿಗೆ ಸರಿಸುತ್ತಲೇ "ತಗೊಳಾಕ ಹೇಳಬೇ," ಎಂದು ಗೌರವ್ವ.

ಗುರುಪಾದ ಫೋಟೋದವನನ್ನು ಗೊತ್ತುಮಾಡಲು ಪೇಟೆಗೆ ಹೋಗಿದ್ದ. ಇತ್ತ ಹಾಸಿಗೆ ಹಾಸುವಾಗ ಅನ್ನಪೂರ್ಣಾಳಿಗೆ ಸೊಳ್ಳೆಪರದೆ ಒಂದು ಸಾಲದೆ ಬಂತು. ಬಚ್ಚಲುಮನೆಯದು ನೆನಪಾಯಿತು. ನಸುಗತ್ತಲಲ್ಲಿ ನೊಣಗಳು ಮಿಸುಕದೆ ಕೂತಿದ್ದರಿಂದ ಪರದೆಗೆ ಏನೋ ಮಸಿ ಹತ್ತಿದೆ ಎಂದುಕೊಂಡು, ಅಲ್ಲೇ ಚೆನ್ನಾಗಿ ಝಾಡಿಸಿ ತಂದಳು.

ಬೆಳಗ್ಗೆ ಗುರುಪಾದ ನೋಡುತ್ತಾನೆ, ಟಬ್ಬಿನ ಮೇಲೆ ಪರದೆಯೂ ಇಲ್ಲ, ನೊಣಗಳೂ ಇಲ್ಲ. ಆದರೆ ಹೇಳಿದರೆ ಅತ್ತೆಯ ಮನೆಯವರ ಮುಂದೆ ಮಾನ ಹೋಗುತ್ತದೆ. ಅವನು ತನಗೆ ನೊಣ ಕಚ್ಚದಂತೆ ಗುಟ್ಟಾಗಿ ಮೈತುಂಬ ಬೇವಿನೆಣ್ಣೆ ಸವರಿಕೊಂಡು ಮೂಲೆ ಮೂಲೆ ಹುಡುಕಿದ. ಅಷ್ಟರಲ್ಲಿ ಉಳಿದವರೆಲ್ಲ ಅದೇ ಬಚ್ಚಲುಮನೆಯಲ್ಲಿ ಒಬ್ಬೊಬ್ಬರಾಗಿ ಸ್ನಾನ ಮುಗಿಸಿ ಬಂದಿದ್ದರು. ಆ ನೊಣಗಳು ಪುಸ್ತಕ ಓದಿರಲಿಲ್ಲ. ಅವು ಕಚ್ಚಿದ್ದು ಆ ಗಳಿಗೆಗೆ ಗೊತ್ತಾಗುವುದೂ ಇಲ್ಲ, ಗೊತ್ತಾಗುವುದು ಆಮೇಲೆ.

ಆಮೇಲೆ ಎಂದರೆ, ಎಲ್ಲರೂ ಹೊಸ ಬಟ್ಟೆ ಉಟ್ಟು, ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂತಾಗ. ಶಿದ್ರಾಮ ತಂಗಿಯ ಕಡೆ ಒಮ್ಮೆ ನೋಡಿದ, ಮತ್ತೆ ನೋಡಿದ, ತಾಯಿಗೆ ಹೇಳುವುದನ್ನೂ ಮರೆತ.

"ಗೌರೀ, ನಿನ್ನ ತುಟಿಗೇನಾತ?"

"ಮೊದಲ ನಿನ್ನ ಕಣ್ಣ ತೆರಿಯಣ್ಣಾ, ಆಮ್ಯಾಲ ನನ್ನ ತುಟಿ ನೋಡು."

ಹೀಗೆ ಆ ಮನೆತನದ ಮಹಾಮೌನ ಮುರಿಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗಲು ಹೋದರು. ತುಟಿ ಬಾತಿದ್ದರಿಂದ ನಗು ಕೆನ್ನೆಯವರೆಗೂ ಹೋಗಲಿಲ್ಲ. ದುಂಡವ್ವ, ಅನ್ನಪೂರ್ಣಾ ಎಲ್ಲರದೂ ಅದೇ ರೆಪ್ಪೆ, ಅದೇ ಮೇಲ್ದುಟಿ. ಇದೇನು ಗಾಳಿಯೋ, ನಿನ್ನೆಯ ಬದನೆಕಾಯಿಯೋ ಎಂದು ಚರ್ಚೆ ನಡೆಯಿತು. ಗುರುಪಾದ ಬದನೆಕಾಯಿಯ ಪಕ್ಷ ವಹಿಸಿದ.

ಅವನು ಪಾರಾಗಿಯೇ ಬಿಡುತ್ತಿದ್ದ. ಆದರೆ ಶಿದ್ರಾಮನ ಹಣೆಯ ಮೇಲೆ ಹೊಟ್ಟೆ ತುಂಬಿದ ಒಂದು ಗೂನುಬೆನ್ನು ಕಂಡದ್ದೇ ತಡ, ಅವನೊಳಗಿನ ವಿಜ್ಞಾನಿ ಎದ್ದು ನಿಂತ.

"ಶಿದ್ರಾಮ, ಅಲಗ್ಯಾಡಬ್ಯಾಡ. ಅದು ನಮ್ಮದು. ಇನ್ನ ತತ್ತಿ ಇಡಬೇಕು."

ಅನ್ನಪೂರ್ಣಾ ತೆರೆದಿದ್ದ ಒಂದೇ ಕಣ್ಣಿನಿಂದ ಗಂಡನನ್ನು ನೋಡಿದಳು. ಎರಡೂ ತೆರೆದಿದ್ದರೆ ಅವನು ಉಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಫೋಟೋದ ಲಖನ ಬಂದ. ಮುಖಗಳನ್ನು ನೋಡಿ, ಬಾವು ಇಳಿದ ಮೇಲೆ ಬರುತ್ತೇನೆಂದ. ದುಂಡವ್ವ ಒಪ್ಪಲಿಲ್ಲ. "ಬಾವು ಇಳಿದ್ರ ಇವರ ಸಿಟ್ಟು ಮತ್ತ ಏರತೈತಿ. ಈಗ ತೆಗಿ," ಎಂದಳು. ಅವಳ ಎಡಬಲಕ್ಕೆ ಶಿದ್ರಾಮ, ಗೌರವ್ವ, ಹಿಂದೆ ಅನ್ನಪೂರ್ಣಾ, ಎಲ್ಲರಿಗಿಂತ ಕೊನೆಗೆ, ಬೇವಿನ ವಾಸನೆಯ ಗುರುಪಾದ.

ಶ್ರಾವಣದಲ್ಲಿ ಗುರುಪಾದ ಮೂಡಲಗಿಗೆ ಹೋದ. ಶಿದ್ರಾಮನ ಪಡಸಾಲೆಯಲ್ಲಿ ಆ ಫೋಟೋ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಗುರುಪಾದನನ್ನು ಎಂದೂ ಕಂಡಿರದ ನೆರೆಮನೆಯ ಉದ್ದಪ್ಪಜ್ಜ, ಕನ್ನಡಕ ಏರಿಸಿ ಅದನ್ನೇ ನೋಡುತ್ತಿದ್ದ.

"ಖರೆ ಹೇಳ್ತೀನಿ ದುಂಡವ್ವಾ, ನಿಮ್ಮ ಮನಿತಾನದ್ದು ಎಲ್ಲಾರ್ದೂ ಒಂದ ಮುಖಾ. ಅದ ಕಣ್ಣು, ಅದ ತುಟಿ. ಆದ್ರ ಈ ಕಡೀಕ ನಿಂತಾಂವ ಯಾರು?"

ಗುರುಪಾದ ಚಹಾದ ಬಶಿಯನ್ನು ಮುಖಕ್ಕೆ ಅಡ್ಡ ಹಿಡಿದ. ದುಂಡವ್ವ ಎಲೆಗೆ ಸುಣ್ಣ ಸವರುತ್ತ ತಲೆ ಎತ್ತದೆ ಹೇಳಿದಳು:

"ಅಂವ ಹೊರಗಿನಾಂವ. ನೊಣಾ ಸುದ್ದಾ ಮೂಸಿ ನೋಡಿಲ್ಲ."