ಚಿಗವ್ವನ ಓವರ್‌ಲಾಕ್ ದರಬಾರು

ನಮ್ಮ ಚಿಗವ್ವನಿಗೆ ಅವಕಾಶ ಕೊಟ್ಟಿದ್ದರೆ ಕುಂದಗೋಳ ತಾಲೂಕಿನ ಗಡಿಗೂ ಅಂಚು ಹೊಲಿದುಬಿಡುತ್ತಿದ್ದಳು! ನಗಬೇಡಿ. ನೆಲ ಒರೆಸುವ ಅರಿವೆ, ಜೋಳದ ಚೀಲ, ಎತ್ತಿನ ಬೆನ್ನಿಗೆ ಹೊದಿಸುವ ಜೂಲ, ಕಡೆಗೆ ಪಕ್ಕದ ಮನೆಯವರು ಒಣಹಾಕಿದ ಟವೆಲ್ಲು, ಒಂದಾದರೂ ಅವಳ ಕೈಯಿಂದ ಪಾರಾಗಿದ್ದನ್ನು ನಾನು ಕಂಡಿಲ್ಲ.

ಇದಕ್ಕೆಲ್ಲ ಕಾರಣ ಒಂದು ಓವರ್‌ಲಾಕ್ ಮಶಿನ್ನು. ಚಿಗವ್ವ ಎಂದರೆ ನಮ್ಮ ಕಾಕಾನ ಹೆಂಡತಿ. ಎಂಬತ್ತರ ದಶಕದಲ್ಲಿ ಸಂಶಿಯ ಕಡೆ ಯಾವ ಊರಲ್ಲಿ ನಾಟಕವಾದರೂ ರಾಜ, ಮಂತ್ರಿ, ಸೇನಾಪತಿ ಎಲ್ಲರೂ ಅವಳು ಹೊಲಿದದ್ದನ್ನೇ ತೊಟ್ಟು ರಾಜ್ಯಭಾರ ಮಾಡುತ್ತಿದ್ದರು. ಮನೆಯಲ್ಲಿ ಹಳೆಯ ಹೊಲಿಗೆ ಮಶಿನ್ನು ಇದ್ದೇ ಇತ್ತು. ಅದು ಸಾಲದೆಂದು, ಹುಬ್ಬಳ್ಳಿಯಲ್ಲಿ ಯಾರೋ ಮಾರಿದ ಓವರ್‌ಲಾಕನ್ನು ಬಸ್ಸಿನ ಟಾಪಿನ ಮೇಲೆ ಹೇರಿಸಿಕೊಂಡು ಬಂದಳು.

“ಏನ್ರಿ ಯವ್ವಾ ಇದು, ಹಿಟ್ಟಿನ ಗಿರಣಿ ಏನು?” ಎಂದ ಕಂಡಕ್ಟರ್.

“ಹೌದಪಾ, ಇದು ಅರಿವಿ ಬೀಸ್ತೈತಿ!”

ಸುಳ್ಳೇನಲ್ಲ. ಬಟ್ಟೆಯ ಅಂಚು ಎಳೆ ಬಿಡದಂತೆ ದಾರ ಸುತ್ತುವ ಯಂತ್ರ ಅದು. ಸುತ್ತುವ ಮೊದಲು ಹೆಚ್ಚಾದ ಬಟ್ಟೆಯನ್ನು ತನ್ನ ಚಾಕುವಿನಿಂದ ಕತ್ತರಿಸಿ ಕೆಳಗೆ ಉಗುಳುತ್ತದೆ. ಚಿಗವ್ವ ಎರಡು ಮಶಿನ್ನುಗಳನ್ನೂ ಎದುರುಬದುರು ಇಟ್ಟು, ನಡುವೆ ಒಂದು ಸ್ಟೂಲು ಹಾಕಿಕೊಂಡಳು. ಹಳೆಯದಕ್ಕೆ ಅತ್ತೆ ಎಂದೂ ಹೊಸದಕ್ಕೆ ಸೊಸೆ ಎಂದೂ ಹೆಸರಾಯಿತು! ಅತ್ತೆ ಬಟ್ಟೆ ಜೋಡಿಸಬೇಕು, ಸೊಸೆ ಅಂಚು ಕಟ್ಟಬೇಕು. ನ್ಯಾಯವಾದ ವ್ಯವಸ್ಥೆ ಅಲ್ಲವೇ? ಆದರೆ ಸ್ವಲ್ಪ ದಿನದಲ್ಲೇ ಅತ್ತೆ ಮೂಲೆ ಸೇರಿದಳು.

“ಸೊಸಿ ಒಬ್ಬಾಕೀನ ಜೋಡಸ್ತಾಳ, ಅಂಚೂ ಕಟ್ತಾಳ. ಮುದುಕಿಗ್ಯಾಕ ತ್ರಾಸು?” ಎಂದಳು ಚಿಗವ್ವ.

ನಮ್ಮ ಕಡೆ ಬಟ್ಟೆ ಹೊಲಿಸುವವರೆಲ್ಲ ಹೊಲಿಗೆಯ ಒಳಗೆ ನಾಲ್ಕು ಬೆರಳು ಅರಿವೆ ಬಿಡಿಸುತ್ತಾರೆ. ಮನುಷ್ಯ ಯಾವಾಗ ಉಬ್ಬುತ್ತಾನೋ ಯಾರಿಗೆ ಗೊತ್ತು? ನಾಟಕದ ಬಟ್ಟೆಗಂತೂ ಇದು ಬೇಕೇ ಬೇಕು. ಈ ವರ್ಷ ಬಡಕಲು ರಾಜ, ಬರುವ ವರ್ಷ ಡೊಳ್ಳುಹೊಟ್ಟೆಯ ರಾಜ! ಆದರೆ ಸೊಸೆಗೆ ಇಂಥ ದೂರಾಲೋಚನೆ ಎಲ್ಲಿಂದ ಬರಬೇಕು? ಒಮ್ಮೆ ಕಿರಾಣಿ ಅಂಗಡಿಯ ಸಾಹುಕಾರರು ಬಿಗಿಯಾದ ಅಂಗಿಯನ್ನು ಸಡಿಲು ಮಾಡಿಸಲು ಬಂದು, ಅದನ್ನು ತಿರುವಿ ನೋಡಿ ಹೌಹಾರಿದರು.

“ಒಳಗಿನ ಅರಿವಿ ಎಲ್ಲಿ ಹೋತ್ರಿ?”

“ಸೊಸಿ ತಿಂದ್ಳ್ರಿ. ನೀವು ಉಣ್ಣೂದು ಕಡಿಮಿ ಮಾಡ್ರಿ!”

ಇನ್ನು ಕಾಕಾನ ವಿಷಯ. ಕಾಕಾ ಊರಿನ ಕಾಯಂ ದ್ವಾರಪಾಲಕ. ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ನಾಟಕ. ಪ್ರತಿ ನಾಟಕದಲ್ಲೂ ಕಾಕಾ ಈಟಿಯಂಥ ಭಾಲೆ ಹಿಡಿದು ಬಾಗಿಲಲ್ಲಿ ನಿಂತು, “ಮಹಾಪ್ರಭು, ದೂತರು ಬಂದಿದ್ದಾರೆ” ಎನ್ನುತ್ತಿದ್ದ. ಎಷ್ಟು ರಾಜರು ಬಂದರು, ಎಷ್ಟು ರಾಜರು ಹೋದರು! ಕಾಕಾ ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. ಸಾಯುವುದರೊಳಗೆ ಒಮ್ಮೆಯಾದರೂ ಸಿಂಹಾಸನದ ಮೇಲೆ ಕೂಡಬೇಕೆಂಬ ಆಸೆ ಅವನಿಗಿತ್ತು. ಅದನ್ನು ಚಿಗವ್ವನ ಮುಂದೆ ಬಿಟ್ಟರೆ ಯಾರ ಮುಂದೂ ಆಡಿದವನಲ್ಲ.

ಆ ವರ್ಷ ರಾಜನ ಪಾತ್ರದವನಿಗೆ ಗಂಟಲು ಬಿದ್ದುಹೋಯಿತು. ಕಿರೀಟ ಕಾಕಾನ ತಲೆಗೆ ಬಂತು! ಕಟ್ಟೆಯ ಮೇಲೆ ಕೂತವರು ಸುಮ್ಮನಿರುತ್ತಾರೆಯೇ? “ಭಾಲೆ ಹಿಡಿಯಾಂವ ಏನ್ ರಾಜ್ಯ ಆಳ್ತಾನಲೇ” ಎಂದು ಆಡಿಕೊಂಡರು. ಈ ಸಲ ಕೆಟ್ಟರೆ ಮತ್ತೆ ಬಾಗಿಲೇ ಗತಿ ಎಂಬುದು ಕಾಕಾನಿಗೂ ಗೊತ್ತಿತ್ತು, ಚಿಗವ್ವನಿಗೂ ಗೊತ್ತಿತ್ತು. ಅವಳು ಕೆಂಪು ಮಕಮಲ್ಲು ತಂದು ಕೋಟು ಹೊಲಿಯಲು ಕೂತಳು.

“ಒಂದ್ ಹೊಲಿಗಿ ಆ ಹಳೀ ಮಶಿನ್ಯಾಗೂ ಹಾಕಬಾರದ?” ಎಂದು ಕಾಕಾ ಅಂಜುತ್ತ ಕೇಳಿದ.

“ನೀವು ಮಾತು ಬಾಯಿಪಾಠ ಮಾಡ್ರಿ. ಆನಿ ಜಗ್ಗಿದ್ರೂ ಇದು ಬಿಚ್ಚಂಗಿಲ್ಲ!”

ನಾಟಕದ ದಿನ ಆನೆ ಬರಲಿಲ್ಲ. ಕಾಕಾ ಸುಮ್ಮನೆ ಕೂತ, ಅಷ್ಟೇ. ಸಿಂಹಾಸನವೆಂದರೆ ಜರಿಬಟ್ಟೆ ಹೊದಿಸಿದ ಎತ್ತರದ ಪೆಟ್ಟಿಗೆ. ಅದರ ಮೇಲೆ ಠೀವಿಯಿಂದ ಕೂತದ್ದೇ ತಡ, ಪರ್ರ್ ಎಂದು ಬೆನ್ನಿನ ಹೊಲಿಗೆ ಕತ್ತಿನಿಂದ ಸೊಂಟದವರೆಗೆ ಬಿಚ್ಚಿತು! ಪರದೆ ಎಳೆಯುವ ಕೆಲಸ ನನ್ನದು. ಗಾಬರಿಯಿಂದ ಹಗ್ಗ ಜಗ್ಗಿದೆ. ಪರದೆ ಅಲ್ಲಾಡಲೇ ಇಲ್ಲ. ಚಿಗವ್ವ ಅದಕ್ಕೂ ಅಂಚು ಕಟ್ಟಿದ್ದಳು; ಹಗ್ಗ ಓಡಾಡಲು ಇದ್ದ ಮಡಿಕೆಯನ್ನೂ ಸೊಸೆ ಅರ್ಧ ಕತ್ತರಿಸಿ ತಿಂದು, ಹಗ್ಗ ಅದರಲ್ಲಿ ಸಿಕ್ಕಿಕೊಂಡಿತ್ತು!

ನೋಡುತ್ತಿದ್ದಂತೆಯೇ ಚಿಗವ್ವ ಸೂಜಿ ದಾರ ಹಿಡಿದು, ತೆವಳುತ್ತ ಬಂದು ಪೆಟ್ಟಿಗೆಯ ಹಿಂದೆ ಅಡಗಿದಳು. ಮುಂದೆ ಕಾಕಾ ಮಾತು ಶುರುಮಾಡಿದ, ಹಿಂದೆ ಇವಳು ಹೊಲಿಗೆ ಶುರುಮಾಡಿದಳು. ಒಳಗೆ ಅರಿವೆಯನ್ನೇ ಬಿಟ್ಟಿಲ್ಲವಲ್ಲ! ಎಷ್ಟು ಜಗ್ಗಿದರೂ ಎರಡು ಅಂಚುಗಳು ಸರಿಯಾಗಿ ಕೂಡುತ್ತಿಲ್ಲ. ಸೂಜಿ ನೇರ ಬೆನ್ನಿಗೇ ಹೋಗುತ್ತಿತ್ತು.

“ಎಲವೋ ಸೇನಾಪತೀ… ಆಆಆ! ನಮ್ಮ ಗಡಿಯೊಳಗೆ ಶತ್ರುಗಳೇ? ಆಆಆ!”

ಅಂಥ ಗರ್ಜನೆಯನ್ನು ಊರು ಹಿಂದೆ ಕೇಳಿರಲಿಲ್ಲ. ಸಿಳ್ಳೆಯೋ ಸಿಳ್ಳೆ! “ಒನ್ಸ್ ಮೋರ್!” ಎಂದು ಜನ ಎದ್ದು ನಿಂತರು. ನಮ್ಮ ಕಡೆ ಒನ್ಸ್ ಮೋರ್ ಬಂದರೆ ಮತ್ತೆ ಮಾಡಿ ತೋರಿಸಲೇಬೇಕು. ಚಿಗವ್ವ ಮತ್ತೆ ಚುಚ್ಚಿದಳು, ಕಾಕಾ ಮತ್ತೆ ಗರ್ಜಿಸಿದ.

ಆಮೇಲೆ ರಾಜ ಯುದ್ಧಕ್ಕೆ ಹೊರಡಬೇಕು. ಕಾಕಾ ಕತ್ತಿ ಹಿರಿದು ಎದ್ದ. ಅವನ ಹಿಂದೆಯೇ ಚಿಗವ್ವನೂ ಎದ್ದಳು! ಅವಸರದಲ್ಲಿ ಕೋಟಿನ ಜೊತೆಗೆ ತನ್ನ ಸೆರಗನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು.

“ರಾಜಾಗ ಬಾಲ ಬಂತಲೇ!” ಎಂದು ಒಬ್ಬ ಕೂಗಿದ. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಚಿಗವ್ವ ದಾರವನ್ನು ಹಲ್ಲಿನಿಂದ ಕಚ್ಚಿದಳು, ಕೈಯಿಂದ ಜಗ್ಗಿದಳು, ಅದು ಬಿಡಲಿಲ್ಲ. ಊರಿಗೆಲ್ಲ ಉತ್ತರ ಕೊಡುವ ಹೆಂಗಸು ತಲೆ ತಗ್ಗಿಸಿ, “ನನ್ನಿಂದ ಎಲ್ಲಾ ಕೆಟ್ಟತ್ರಿ” ಎಂದು ಗಂಡನಿಗೆ ಪಿಸುಗುಟ್ಟಿದ್ದು ಬಾಜೂಕೆ ನಿಂತಿದ್ದ ನನಗೆ ಕೇಳಿಸಿತು. ಕಾಕಾನ ಆಸೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಕಾಕಾ ತಿರುಗಿ ಅವಳ ಮುಖ ನೋಡಿದ. ಆಮೇಲೆ ಕತ್ತಿ ಕೆಳಗಿಟ್ಟು, ಚಿಗವ್ವನ ಕೈ ಹಿಡಿದು ಮುಂದಕ್ಕೆ ಕರೆತಂದ.

“ಸಭಾಸದರೇ, ಏಕೆ ನಗುವಿರಿ? ಇಷ್ಟು ವರ್ಷ ನಮ್ಮ ಬೆನ್ನ ಹಿಂದೆ ನಿಂತು ನಮ್ಮ ಮಾನ ಕಾಪಾಡಿದವಳು ಇವಳು. ಇವಳೇ ನಮ್ಮ ಪಟ್ಟದ ರಾಣಿ!”

ನಮ್ಮೂರ ಶಾಲೆಯ ಮಾಸ್ತರರು ಬರೆದ ಆ ನಾಟಕದಲ್ಲಿ ಆ ರಾಜನಿಗೆ ಮದುವೆಯೇ ಆಗಿರಲಿಲ್ಲ. ಸಭೆಯ ನಗು ನಿಂತಿತು. ಹೆಂಗಸರ ಕಡೆಯಿಂದ ಯಾರೋ ಒಬ್ಬಾಕೆ ಗಟ್ಟಿಯಾಗಿ, “ಒನ್ಸ್ ಮೋರ್!” ಎಂದಳು.

ಕಾಕಾ ಮತ್ತೆ ಹೇಳಿದ. ಈ ಸಲ ನಾಟಕದ ದನಿ ಬಿಟ್ಟು, ನಾವು ದಿನವೂ ಮನೆಯಲ್ಲಿ ಕೇಳುವ ಮೆತ್ತಗಿನ ದನಿಯಲ್ಲಿ ಹೇಳಿದ.

“ಹೌದ್ರಿ. ಈಕೀನ ನಮ್ಮ ರಾಣಿ.”

ಚಿಗವ್ವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.