ತಿಪ್ಪಮ್ಮನವರ ನಲವತ್ತು ಸೆಕೆಂಡು

ಸಂತೇಬೆನ್ನೂರಿನ ತಿಪ್ಪಮ್ಮನವರೊಂದಿಗೆ ನನ್ನ ಮೊದಲ ಸಂದರ್ಶನವನ್ನು ಗೊತ್ತುಮಾಡಿದ್ದು ವಿಶ್ವವಿದ್ಯಾಲಯವಲ್ಲ, ನನ್ನ ಹೆಂಡತಿ ಅನ್ನಪೂರ್ಣ. ಆಕೆಯ ತವರಿಗೂ ತಿಪ್ಪಮ್ಮನವರ ಮನೆಗೂ ನಡುವೆ ಒಂದೇ ಗೋಡೆ. ಅದಕ್ಕೆ ಮೊದಲು ನಾನು ಸ್ವಂತ ಯೋಗ್ಯತೆಯನ್ನು ನಂಬಿ ಎರಡು ಸಲ ಹೋಗಿ, ಎರಡು ಸಲವೂ ಬೈಸಿಕೊಂಡು ಓಡಿ ಬಂದಿದ್ದೆ. (ಬಾಗಿಲಲ್ಲೇ ಧ್ವನಿಮುದ್ರಣ ಶುರುಮಾಡುವುದು ನನ್ನ ಪದ್ಧತಿ. ಆದ್ದರಿಂದ ಎರಡನೆಯ ಸಲದ ಮಂಗಳಾರತಿಯೂ ನಲವತ್ತು ಸೆಕೆಂಡುಗಳ ಕಾಲ ಶಾಸ್ತ್ರೋಕ್ತವಾಗಿ ದಾಖಲಾಯಿತು.)

ಮುಂದೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಅರವತ್ತೊಂದು ಮಂದಿ ಹಿರಿಯರ ಮಾತುಗಳನ್ನು, ಆ ಮಂಗಳಾರತಿಯನ್ನೂ ಬಿಡದೆ, ಶಾಲಾಮಕ್ಕಳಿಗೆಂದು ಒಂದು ಜಾಲತಾಣದಲ್ಲಿಟ್ಟೆ. ಅದರ ಹೆಬ್ಬಾಗಿಲಲ್ಲಿ ನನ್ನದೇ ದನಿಯಲ್ಲಿ ಇಪ್ಪತ್ತೆರಡು ನಿಮಿಷಗಳ ಮುನ್ನುಡಿ. ಈ ಏಪ್ರಿಲ್ ಮೊದಲ ವಾರ ವಿಶ್ವವಿದ್ಯಾಲಯದ ಸಮಿತಿಯಿಂದ ಮೌಲ್ಯಮಾಪನ ಪತ್ರ ಬಂತು. ವಿನ್ಯಾಸ ಹೇಗಿದೆ, ಯಾರಿಗೆ ಉಪಯೋಗವಾಗಿದೆ, ಸಾಕ್ಷಿಸಹಿತ ಬರೆಯಿರಿ. ತಪ್ಪಿದರೆ ತಿಂಗಳ ಕೊನೆಗೆ ತಾಣ ಮುಚ್ಚಲಾಗುವುದು.

ಭೇಟಿಗಳ ದಾಖಲೆ ತೆಗೆದು ನೋಡಿದೆ. ಹದಿನೈದು ದಿನಗಳಿಂದ ಒಬ್ಬರೇ ಒಬ್ಬರು. ದಿನವೂ ಮಧ್ಯಾಹ್ನ ಮೂರೂ ಹತ್ತಕ್ಕೆ ಬಂದು, ಮಿಕ್ಕ ಅರವತ್ತು ಜನರನ್ನು ಕಣ್ಣೆತ್ತಿಯೂ ನೋಡದೆ, ತಿಪ್ಪಮ್ಮನವರ ಆ ನಲವತ್ತು ಸೆಕೆಂಡುಗಳನ್ನೇ ಹತ್ತು ಹನ್ನೆರಡು ಸಲ ಕೇಳಿ ಹೋಗುತ್ತಿದ್ದರು. ತಿಪ್ಪಮ್ಮನವರು ಜನವರಿಯಲ್ಲೇ ತೀರಿಕೊಂಡಿದ್ದರು. ಅವರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಹಾಗಾದರೆ ಕೇಳುತ್ತಿದ್ದವರು ಯಾರು?

ಹತ್ತನೆಯ ತಾರೀಖು ನ್ಯಾಮತಿಯ ಕೆಲಸ ಬೇಗ ಮುಗಿಸಿ ಹೊನ್ನಾಳಿಯ ಮನೆ ತಲುಪಿದಾಗ ಗಂಟೆ ಮೂರೂಕಾಲಾಗಿತ್ತು. ಬೀದಿಯಲ್ಲಿ ನಾಯಿ ಕೂಡ ಅಲುಗುತ್ತಿರಲಿಲ್ಲ. ಬಾಗಿಲು ತೆರೆದಿತ್ತು. ಅನ್ನಪೂರ್ಣಳನ್ನು ಕರೆದೆ, ಉತ್ತರವಿಲ್ಲ. ಮಾಳಿಗೆಯ ಮೆಟ್ಟಿಲಿಗೆ ಕಾಲಿಟ್ಟೆ.

"ಮತ್ತೆ ಬಂದ್ಯಾ?"

ಅದೇ ಸಣ್ಣ ಕೆಮ್ಮು, ಕೆಮ್ಮಿನ ಹಿಂದೆ ಅದೇ ಎಳೆತ. ವರ್ಷಗಟ್ಟಲೆ ಆ ದನಿಯನ್ನು ಕೇಳಿ ಬರೆದಿಳಿಸಿದ ಕಿವಿ ಇದು, ತಪ್ಪುವುದಿಲ್ಲ. ಇನ್ನೊಂದು ಮೆಟ್ಟಿಲು ಹತ್ತಿದೆ.

"ನಿನಗೆ ಬ್ಯಾರೆ ಮನೆ ಸಿಗಲಿಲ್ವಾ? ನಡಿ ಅತ್ಲಾಗೆ. ಕೋಲು ಎಲ್ಲೈತೆ ನೋಡ್ತೀನಿ."

ವಿಶ್ವವಿದ್ಯಾಲಯದ ತರಬೇತಿಯಲ್ಲಿ ಇದಕ್ಕೆ ಪಾಠವಿರಲಿಲ್ಲ, ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಮೇಲಿನ ಬಾಗಿಲಿನ ಬೆಳಕಿಗೆ ಅಡ್ಡವಾಗಿ, ತಲೆತುಂಬ ಸೆರಗು ಹೊದ್ದು ಕೋಲು ಹಿಡಿದ ಆಕೃತಿಯೊಂದು ಬಂದು ನಿಂತಿತು.

"ಯಾಕ್ರಿ ಅಲ್ಲೇ ಕೂತ್ರಿ?" ಎಂದಿತು ಅದು. ಅನ್ನಪೂರ್ಣ.

ಮಾಳಿಗೆಯ ತುಂಬ ಹಳೇ ಸೀರೆಯ ಮೇಲೆ ವರ್ಷದ ಸಂಡಿಗೆ ಒಣಗುತ್ತಿತ್ತು. ನೀರಿನ ಟ್ಯಾಂಕಿಗೆ ಒರಗಿಸಿದ ಮೊಬೈಲಿನಲ್ಲಿ ತಿಪ್ಪಮ್ಮನವರು ನನ್ನನ್ನು ಮತ್ತೆ ಮೊದಲಿನಿಂದ ಓಡಿಸತೊಡಗಿದ್ದರು. ಎದುರುಮನೆಯ ತಗಡಿನ ಮೇಲೆ ಮಂಗಗಳು ಸಪ್ಪೆ ಮುಖದಲ್ಲಿ ಕೂತಿದ್ದವು.

"ಆಯಮ್ಮನ ದನಿ ಕೇಳಿದ್ರೆ ಒಂದು ಮಂಗಾನೂ ಈ ಕಡೆ ಬರಾದಿಲ್ಲ ನೋಡ್ರಿ. ಆದ್ರೆ ಆ ಪುಟ ಸಿಗಾಕೆ ಒಂಬತ್ತು ಸಲ ಒತ್ಬೇಕು. ಅಷ್ಟರಾಗೆ ನಾಲ್ಕು ಸಂಡಿಗೆ ಹೋಗಿರ್ತಾವೆ. ಹೆಂಗೆ ಮಾಡೀರಿ ಇದನ್ನ?"

ವಿನ್ಯಾಸ, ಉಪಯುಕ್ತತೆ ಎರಡಕ್ಕೂ ಸಾಕ್ಷಿ ಸಿಕ್ಕಿತ್ತು. ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಆದರೆ ಹೋಲಿಕೆಯಿಲ್ಲದ ಸಾಕ್ಷಿ ಅಶಾಸ್ತ್ರೀಯ. ನಾಳೆ ಇದೇ ಹೊತ್ತಿಗೆ ನನ್ನ ಮುನ್ನುಡಿಯನ್ನೂ ಪರೀಕ್ಷಿಸೋಣವೆಂದೆ. ಅವಳು ಬೇಡವೆಂದಳು, ಸಂಡಿಗೆಯ ಲೆಕ್ಕ ಹೇಳಿದಳು, ಕಡೆಗೆ ಕೋಲನ್ನೂ ತೆಗೆದುಕೊಂಡು ಕೆಳಗಿಳಿದಳು.

ಪತ್ರದ ಕೊನೆಯ ಕಲಮಿನಲ್ಲಿ ನಾನು ದಾಖಲಿಸಿದ್ದು ಇಷ್ಟು:

೧೧ ಏಪ್ರಿಲ್ ೨೦೨೫, ಮಧ್ಯಾಹ್ನ ೩.೧೦. ಸಂಗ್ರಾಹಕರ ಮುನ್ನುಡಿಯನ್ನು ಪೂರ್ತಿಯಾಗಿ ನುಡಿಸಲಾಯಿತು. ಕೇಳುಗರು: ಹದಿನಾಲ್ಕು ಮಂಗಗಳು. ಕೊನೆಯವರೆಗೂ ಯಾರೂ ಎದ್ದು ಹೋಗಲಿಲ್ಲ. ಸಂಡಿಗೆ: ಉಳಿದಿಲ್ಲ.